ಮಳೆಗಾಲದ ಬಾಗಿಲಲ್ಲಿ ಸೋಮನ ಕುಣಿತ

ಸೋಮನ ಕುಣಿತವೆಂದರೆ ಇಂದು ಬಹುಮಂದಿಗೆ ಮೆರವಣಿಗೆಯ ಒಂದು ವೇಷ. ಮೈಸೂರು ದಸರೆಯ ಜಂಬೂಸವಾರಿಯಲ್ಲಿಯೋ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಮೆರವಣಿಗೆಯಲ್ಲಿಯೋ, ಡೊಳ್ಳು, ವೀರಗಾಸೆ, ಪೂಜಾಕುಣಿತಗಳ ನಡುವೆ ಅಗಲ ಕಣ್ಣಿನ ಕೆಂಪು ಮೋರೆಯೊಂದು ಬಣ್ಣಬಣ್ಣದ ಸೀರೆಗಳನ್ನು ಬೀಸುತ್ತ ಬರುತ್ತದೆ. ಅರ್ಧ ನಿಮಿಷ ನಮ್ಮೆದುರು ಕುಣಿದು ಮುಂದಕ್ಕೆ ಸಾಗುತ್ತದೆ. ಮಕ್ಕಳು ಬೆರಗಾಗುತ್ತಾರೆ, ದೊಡ್ಡವರು ಚಿತ್ರ ತೆಗೆದುಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಈ ಕುಣಿತ ಹುಟ್ಟಿನಿಂದ ಮೆರವಣಿಗೆಯದಲ್ಲ, ನವರಾತ್ರಿಯದೂ ಅಲ್ಲ. ಯುಗಾದಿ ಕಳೆದು ಮಳೆಗಾಲ ಹಿಡಿಯುವುದರೊಳಗಾಗಿ, ಗ್ರಾಮದೇವತೆಯ ಗುಡಿಯ ಮುಂದೆ, ಊರಿನ ಮಳೆಬೆಳೆಗಾಗಿ ನಡೆಯಬೇಕಾದ ಸೇವೆ ಅದು. ಆ ಸ್ಥಳದಲ್ಲಿ, ಆ ಕಾಲದಲ್ಲಿ, ಆ ಉದ್ದೇಶಕ್ಕಾಗಿ ನಡೆಯುವ ಸೋಮನ ಕುಣಿತ ನಮ್ಮ ಸೀಮೆಯಲ್ಲಿ ಈಗ ಬಲು ಅಪರೂಪ. ಅದು ಹೇಗೆ ಅಪರೂಪವಾಯಿತೆಂಬುದನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಕೆಂಪಾಪುರದ ಪರಿಚಯ ನನ್ನ ಬಂಧುಗಳಿಗೆ ಬೇಕಿಲ್ಲ. ದೂರದೂರುಗಳಲ್ಲಿ ಬೆಳೆದ ಅವರ ಮಕ್ಕಳಿಗೆ ಬೇಕಾದೀತು. ಮಾಗಡಿ ತಾಲ್ಲೂಕಿನ ಈ ಸಣ್ಣ ಊರು ಇದ್ದಲ್ಲಿಯೇ ಇದೆ, ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಬಂದಿದೆ: ಮೊದಲು ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಹೊರಗಿನವರ ಕಿವಿಗೆ ಊರಿನ ಹೆಸರು ಬಿದ್ದದ್ದು 2015ರಲ್ಲಿ, ಇಲ್ಲಿಯ ಕಲ್ಲಿನ ಗೋಪುರದ ಮೇಲಿನ ಬರಹವನ್ನು ಓದಿ ಇದು ಕೆಂಪೇಗೌಡರು ಐಕ್ಯರಾದ ಸ್ಥಳವೆಂದು ಇತಿಹಾಸಕಾರರು ಗುರುತಿಸಿದಾಗ. ಅಂದಿನಿಂದ ಮಂತ್ರಿಗಳು ಬಂದರು, ಪತ್ರಿಕೆಯವರು ಬಂದರು, ಊರಿಗೊಂದು ಮರ್ಯಾದೆ ಬಂದಿತು. ನನಗೂ ಸಂತೋಷವೇ. ಕಲ್ಲಿನ ಮೇಲೆ ಬರೆದದ್ದು ಮುನ್ನೂರು ನಾನೂರು ವರ್ಷ ಯಾರೂ ಓದದಿದ್ದರೂ ಕಾದುಕೊಂಡಿರುತ್ತದೆ. ಕುಣಿತಕ್ಕೆ ಆ ಸೌಕರ್ಯವಿಲ್ಲ. ಹೆಜ್ಜೆ ಬಲ್ಲವನು, ಬಡಿತ ಬಲ್ಲವನು, ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಬಲ್ಲವನು, ಈ ಮೂವರಲ್ಲಿ ಒಬ್ಬನು ಹೋದರೂ ಒಂದೇ ತಲೆಮಾರಿನಲ್ಲಿ ಅದು ಅಳಿಯುತ್ತದೆ.

ಸೋಮ ಎಂದರೆ ಇಲ್ಲಿ ಮುಖವಾಡ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಯಾವನಾದರೊಬ್ಬ ಎದ್ದುನಿಂತು "ಮಾಗಡಿ ಸೋಮೇಶ್ವರನೇ ಈ ಸೋಮನಾ ಸಾ?" ಎಂದು ಕೇಳುತ್ತಿದ್ದ. ಅಲ್ಲ. ಸೋಮೇಶ್ವರನದು ಕೆಂಪೇಗೌಡರ ವಂಶದವರು ಕಟ್ಟಿಸಿದ ದೊಡ್ಡ ಶಿವಾಲಯ. ಈ ಸೋಮನು ಊರಮ್ಮನ ಪರಿವಾರದವನು, ಅವಳ ಕಾವಲುಗಾರ. ಅವಳ ಮುಂದೆ ನಡೆಯುವವನು. ಅವನ ಮೋರೆಯನ್ನು ರಕ್ತಚಂದನದ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವುದು ರೂಢಿ. ಕೆಂಪು ಸೋಮ ಸೌಮ್ಯ ಸ್ವಭಾವದವನು; ಹಳದಿ ಅಥವಾ ಕಪ್ಪು ಸೋಮ ಉಗ್ರ. ಊರಿಂದೂರಿಗೆ ಮೋರೆಯ ಆಕಾರವೂ ಬಣ್ಣವೂ ವ್ಯತ್ಯಾಸವಾಗುತ್ತವೆ. ಮುಖವಾಡದ ಮೇಲೆ ಕಿರುಗೊಡೆಯಂತಹ ಒಂದು ಕಟ್ಟು, ಅದಕ್ಕೆ ಹೂವು ಇಲ್ಲವೇ ಬೇವಿನ ಸೊಪ್ಪು, ಇಳಿಬಿಟ್ಟ ಬಣ್ಣದ ಸೀರೆಗಳು. ಕೈಯಲ್ಲಿ ಬೆತ್ತ, ನವಿಲುಗರಿ. ಹಿಮ್ಮೇಳಕ್ಕೆ ಡೋಣು, ಊದುವುದಕ್ಕೆ ಮೌರಿ, ಶ್ರುತಿಗೆ ಸದ್ದೆ. ಊರಿನ ತಮಟೆಯೂ ಕೂಡಿಕೊಳ್ಳುವುದುಂಟು.

ಮಾಗಡಿ, ಕುಣಿಗಲ್ಲು, ತುರುವೇಕೆರೆ, ನಾಗಮಂಗಲ ಎಂದು ಹಳೆಯ ಮೈಸೂರಿನ ಒಣಬೇಸಾಯದ ಸೀಮೆಯುದ್ದಕ್ಕೂ ಈ ಕಲೆ ಹಬ್ಬಿದೆ. ಸೋಮನನ್ನು ಹೊರುವವರು ಬಹುಮಟ್ಟಿಗೆ ಗಂಗೆಮತಸ್ಥರು. ಕೆರೆಹೊಳೆಗಳ ನೀರನ್ನೇ ನಂಬಿ ಬದುಕಿದ ಜನ ಮಳೆ ಬೇಡುವ ದೇವರ ಮೋರೆಯನ್ನು ಹೊರುವುದು ಸಹಜವಾಗಿಯೇ ಇದೆಯೆಂದು ನನಗೆ ತೋರುತ್ತದೆ. ಇದು ನನ್ನ ಊಹೆ, ಶಾಸ್ತ್ರವಲ್ಲ. ಪೂಜೆಯಾಗುವವರೆಗೆ ಆ ಮರದ ಮೋರೆಯನ್ನು ಯಾರೂ ಮುಖಕ್ಕೆ ಏರಿಸುವುದಿಲ್ಲ. ಏರಿಸಿದ ಮೇಲೆ ಒಳಗಿರುವವನನ್ನು ಅವನ ಹೆಸರಿನಿಂದ ಕೂಗುವುದಿಲ್ಲ. ಮುಖವಾಡವೇ ದೇವರು, ಹೊತ್ತವನು ನೆಪ. ದೇವಿಯನ್ನು ಹೊಗಳಿ ಅವನು ಆಗಿಂದಾಗ್ಗೆ ಕಟ್ಟಿ ಹೇಳುವ ಮಾತುಗಳನ್ನೂ ಜನ ದೇವರ ಮಾತೆಂದೇ ಕೇಳುತ್ತಾರೆ. ಕುಣಿತದಲ್ಲಿ ನೆಗೆತ ಹಾರಾಟಗಳು ಕಡಿಮೆ. ಮೋರೆಯ ಭಾರವೇ ಹೆಜ್ಜೆಯನ್ನು ನಿಧಾನಗೊಳಿಸುತ್ತದೆ. ಮುಂದಕ್ಕೆ ಬಂದು, ಹಿಂದಕ್ಕೆ ಸರಿದು, ಮೋರೆಯನ್ನು ಎಡಬಲಕ್ಕೆ ತಿರುಗಿಸಿ ಊರನ್ನೆಲ್ಲ ಒಮ್ಮೆ ನೋಡಿದಂತೆ ಮಾಡುವ ಆ ಬಗೆ ಇದೆಯಲ್ಲ, ಚಿಕ್ಕಂದಿನಲ್ಲಿ ಅದನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತಿತ್ತು. ಗದ್ದಲ ಮಾಡುವ ದೇವರಿಗಿಂತ ನಿಧಾನವಾಗಿ ನೋಡುವ ದೇವರಿಗೆ ಮಕ್ಕಳು ಹೆಚ್ಚು ಅಂಜುತ್ತಾರೆ.

ಈ ಕುಣಿತಕ್ಕೆ ಯುಗಾದಿಯಿಂದ ಮಳೆಗಾಲದವರೆಗಿನ ಕಾಲವೇ ಏಕೆ? ಉತ್ತರ ನಮ್ಮ ಹೊಲಗಳಲ್ಲಿದೆ. ನಮ್ಮದು ರಾಗಿಯ ನಾಡು. ರಾಗಿಯ ಜೊತೆಗೆ ಅವರೆ, ಹುರುಳಿ, ಹುಚ್ಚೆಳ್ಳು. ವರ್ಷಕ್ಕೆ ಬೀಳುವ ಮಳೆ ಎಂಟು ಒಂಬತ್ತು ನೂರು ಮಿಲಿಮೀಟರಿನ ಆಸುಪಾಸು. ಅದೂ ಒಂದೇ ಸಮನಾಗಿ ಬೀಳದು. ಮೇ ತಿಂಗಳಲ್ಲಿ ಗುಡುಗು ಸಿಡಿಲುಗಳೊಡನೆ ಒಂದು ಹೊಡೆತ, ನಡುವೆ ಜಿನುಗು, ಮತ್ತೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ದೊಡ್ಡ ಹೊಡೆತ. ಹಿರಿಯರು ತಿಂಗಳುಗಳನ್ನು ಎಣಿಸದೆ ಮಳೆನಕ್ಷತ್ರಗಳನ್ನು ಎಣಿಸುತ್ತಿದ್ದರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಬಳಿಕ ಕೃತ್ತಿಕೆ, ರೋಹಿಣಿ, ಹೀಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂಬ ಗಾದೆಯನ್ನು ನಿಮ್ಮ ಅಜ್ಜಂದಿರ ಬಾಯಲ್ಲಿ ಕೇಳಿರುತ್ತೀರಿ. ಮೊದಲ ಮಳೆಗೆ ಹೊಲ ಉತ್ತು ಹಸನು ಮಾಡಿ, ಆಷಾಢದ ಹೊತ್ತಿಗೆ ರಾಗಿ ಬಿತ್ತಿ, ಕಾರ್ತೀಕ ಮಾರ್ಗಶಿರಗಳಲ್ಲಿ ಕೊಯ್ದು, ಮೆದೆ ಹಾಕಿ, ಸಂಕ್ರಾಂತಿಯ ಆಚೀಚೆ ಕಣ ಮಾಡಿದರೆ ವರ್ಷದ ಬೇಸಾಯ ಮುಗಿಯಿತು. ಶಿವರಾತ್ರಿ ಕಳೆದು ಯುಗಾದಿಯ ಹೊತ್ತಿಗೆ ಹಗೇವಿನಲ್ಲಿ ಹಳೆಯ ರಾಗಿ ಇರುತ್ತದೆ, ಮುಂದಿನ ರಾಗಿಯ ಭರವಸೆ ಇರುವುದಿಲ್ಲ. ಯುಗಾದಿಯಲ್ಲಿ ಹೊನ್ನಾರು ಕಟ್ಟಿ ನೇಗಿಲಿಗೆ ಪೂಜೆ ಮಾಡುತ್ತಾರೆ. ಅನಂತರ ಆಕಾಶ ನೋಡುತ್ತ ಕೂರುವುದೇ ಕೆಲಸ. ಕೈ ಬಿಡುವಾಗಿ ಮನಸ್ಸು ಭಯದಲ್ಲಿರುವ ಆ ಆರೇಳು ವಾರಗಳೇ ಸೋಮನ ಕಾಲ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಮುತ್ತಜ್ಜಿಯರು ಹೆಸರಿಟ್ಟು ಹೇಳುತ್ತಿದ್ದುದು 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾದ ಜನ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಎರಡು ವರ್ಷ ಮಳೆ ಕೈಕೊಟ್ಟರೆ ಊರಿಗೂರೇ ಬರಿದಾಗುವುದನ್ನು ಕಂಡ ಜನರ ಮಕ್ಕಳು ಮೊಮ್ಮಕ್ಕಳು ಸೋಮನ ಮುಂದೆ ಕೈಮುಗಿದು ನಿಂತಾಗ ಅದು ಮನರಂಜನೆಯಾಗಿರಲಿಲ್ಲ.

ಊರಮ್ಮನಿಗೆ ಸಲ್ಲಿಸುತ್ತಿದ್ದ ಬೇಡಿಕೆಗಳು ಮುಖ್ಯವಾಗಿ ಮೂರು: ಮಕ್ಕಳಿಗೆ ಸಿಡುಬು ಬಾರದಿರಲಿ, ದನಗಳಿಗೆ ದೊಡ್ಡರೋಗ ತಗುಲದಿರಲಿ, ಕಾಲಕ್ಕೆ ಮಳೆಯಾಗಲಿ. ಮೊದಲ ಎರಡು ಭಯಗಳು ನನ್ನ ಜೀವಮಾನದಲ್ಲಿಯೇ ಹೋದವು. ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಸಾರಲಾಯಿತು; ದನಗಳ ಆ ರೋಗವೂ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಎರಡೂ ಲಸಿಕೆಯ ಫಲ. ಶಾಲೆಗೆ ಲಸಿಕೆ ಹಾಕುವವರು ಬಂದಾಗ ಹಿಂದಿನ ಕಿಟಕಿಯಿಂದ ಹಾರಿ ಓಡಿದ ನನ್ನ ವಿದ್ಯಾರ್ಥಿಗಳು ಈ ವಾಕ್ಯವನ್ನು ಓದುತ್ತಿದ್ದರೆ ನಕ್ಕಾರು. ರಾಗಿಯ ಇಳುವರಿ ಹೆಚ್ಚಿದ್ದು ಕೂಡ ಬಲಿಯಿಂದಲ್ಲ. ಮಂಡ್ಯದಲ್ಲಿ ಕುಳಿತು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರಿಂದ. ಹೀಗೆ ದೇವಿಯ ಪಾಲಿಗೆ ಉಳಿದದ್ದು ಮೂರನೆಯ ಬೇಡಿಕೆಯೊಂದೇ. ಅದನ್ನೂ ಕೊಳವೆಬಾವಿ ಅರ್ಧ ಕಿತ್ತುಕೊಂಡಿತು. ನೆಲದಡಿಯ ನೀರಿನಲ್ಲಿ ಹಿಪ್ಪುನೇರಳೆಯನ್ನೋ ಬಾಳೆಯನ್ನೋ ಬೆಳೆಯುವವನಿಗೆ ಭರಣಿ ಮಳೆಯ ಹಂಗು ಅಷ್ಟಿಲ್ಲ. ಅವನ ಮಗ ಬಿಡದಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಸೇರಿದ್ದರೆ ಅವನಿಗೆ ಅದೂ ಇಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಕುಣಿತದ ಬೇರು ಭಯದಲ್ಲಿ ಮಾತ್ರವಲ್ಲ, ಕಣದ ರಾಶಿಯಲ್ಲಿಯೂ ಇತ್ತು. ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ, ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಈ ಸೀಮೆಯಲ್ಲೆಲ್ಲ ತಿರುಗಾಡಿದ. ಮಾಗಡಿಯನ್ನೂ ಸಾವನದುರ್ಗವನ್ನೂ ಕಂಡ. ಬೆಂಗಳೂರು ಸೀಮೆಯಲ್ಲಿ ಕಣದ ರಾಶಿಯನ್ನು ಹೇಗೆ ಹಂಚುತ್ತಿದ್ದರೆಂಬುದನ್ನು ಅವನು ಸೇರುಗಳ ಲೆಕ್ಕದಲ್ಲಿ ಬರೆದಿಟ್ಟಿದ್ದಾನೆ. ಸರ್ಕಾರವೂ ಒಕ್ಕಲಿಗನೂ ತಂತಮ್ಮ ಪಾಲು ಅಳೆದುಕೊಳ್ಳುವ ಮೊದಲೇ ರಾಶಿಯಿಂದ ದೇವರ ಪಾಲು, ಜೋಯಿಸನ ಪಾಲು, ಕ್ಷೌರಿಕನ, ಕುಂಬಾರನ, ಕಮ್ಮಾರ ಬಡಗಿಗಳ, ಅಗಸನ ಪಾಲು ಹೊರಬೀಳುತ್ತಿದ್ದವು. ಆಯವೆಂದು ನಮ್ಮವರು ಹೇಳುತ್ತಿದ್ದುದು ಇದನ್ನೇ; ಪಡೆಯುವವರು ಆಯಗಾರರು, ಲೆಕ್ಕಕ್ಕೆ ಹನ್ನೆರಡು ಮಂದಿ. ಆಯ ಪಡೆದವರಿಗೆ ವರ್ಷವಿಡೀ ಊರಿನ ಕೆಲಸವಿತ್ತು, ಹಬ್ಬದಲ್ಲಿ ಅದರದೇ ಕೆಲಸವಿತ್ತು. ಕುಂಬಾರನು ಹೊಸ ಮಡಕೆ ತರಬೇಕು. ಮಡಿವಾಳನು ದೇವರ ಮುಂದೆ ನಡೆಮಡಿ ಹಾಸಬೇಕು, ದೀವಟಿಗೆ ಹಿಡಿಯಬೇಕು. ತೋಟಿಯು ಊರಿಗೆಲ್ಲ ಸಾರು ಹಾಕಬೇಕು. ತಮಟೆಯವರು ತಮಟೆ ಕಾಯಿಸಿ ಸಿದ್ಧವಾಗಿರಬೇಕು. ಗುಡಿಯ ಮಾನ್ಯದ ಹೊಲದಿಂದ ಸೋಮನ ಮೇಳದವರಿಗೆ ಅಷ್ಟಿಷ್ಟು ಸಲ್ಲಬೇಕು. ಒಬ್ಬನು ಬಾರದಿದ್ದರೆ ಸೋಮ ಏಳುವಂತಿಲ್ಲ.

ಕೇರಳದ ಮುಡಿಯೇಟ್ಟು ಎಂಬ ಆಚರಣೆಯನ್ನು ಯುನೆಸ್ಕೋ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೇಸಗೆಯ ಬೆಳೆ ಕೊಯ್ದ ಮೇಲೆ ಭಗವತಿಯ ಗುಡಿಯಲ್ಲಿ ಆಡುವ ಕಾಳಿ ದಾರಿಕರ ಆಟ ಅದು. ಅಲ್ಲಿಯೂ ಇದೇ ಕ್ರಮ: ಬಿದಿರಿನ ಸಾಮಾನು ಒಂದು ಜಾತಿಯವರದು, ಮುಖವಾಡಕ್ಕೆ ಬಣ್ಣ ಇನ್ನೊಂದು ಜಾತಿಯವರದು, ಪಂಜು ಮತ್ತೊಬ್ಬರದು. ಓದುವಾಗ ನಮ್ಮೂರಿನ ಸುದ್ದಿಯನ್ನೇ ಮಲಯಾಳದಲ್ಲಿ ಬರೆದಂತಿತ್ತು.

ರಾಶಿಯ ಈ ಕಟ್ಟು ಒಂದೊಂದಾಗಿ ಬಿಚ್ಚಿತು. 1955ರ ಕಾಯಿದೆಯು ದೇವಾಲಯಗಳ ಇನಾಂ ಜಮೀನುಗಳನ್ನು ರದ್ದು ಮಾಡಿತು. 1961ರ ಕಾಯಿದೆ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮೊದಲಾದ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಅದಕ್ಕೆ ಮುಂಚೆಯೇ, 1959ರಲ್ಲಿ, ಪ್ರಾಣಿಬಲಿ ತಡೆಯುವ ಕಾಯಿದೆ ಬಂದಿತ್ತು. ಹೆನ್ರಿ ವೈಟ್‌ಹೆಡ್ ಎಂಬ ಮದರಾಸಿನ ಬಿಷಪ್ಪರು 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಮೇಲೆ ಬರೆದ ಪುಸ್ತಕದಲ್ಲಿ ಬಲಿಯ ವಿವರಗಳೇ ಪುಟಪುಟಗಳನ್ನು ತುಂಬಿವೆ. ಓದಿದರೆ ಊರಹಬ್ಬವೆಂದರೆ ರಕ್ತವೊಂದೇ ಎನ್ನಿಸುತ್ತದೆ. ಬಲಿ ಇತ್ತು, ಸುಳ್ಳಲ್ಲ. ಸೋಮನಿಗೂ ಕೋಳಿಯ ಎಡೆ ಇತ್ತು. ಆದರೆ ಬಲಿ ನಿಂತದ್ದರಿಂದ ಕುಣಿತ ನಿಲ್ಲಲಿಲ್ಲ. ನಾನು ಕಂಡ ಊರುಗಳಲ್ಲಿ ಕುಂಬಳಕಾಯಿ ಒಡೆದು ಮುಂದುವರಿದರು. ಕುಣಿತಕ್ಕೆ ಪೆಟ್ಟು ಬಿದ್ದದ್ದು ದುಡಿಮೆಯ ಕಟ್ಟು ಬಿಚ್ಚಿದಾಗ.

ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು. ಹಳೆಯ ಕಾಲದವರು ಹೀಗೆ ಬರೆಯತೊಡಗಿದರೆ "ಎಲ್ಲರೂ ಕೂಡಿ ಬಾಳುತ್ತಿದ್ದರು, ಈಗ ಎಲ್ಲವೂ ಕೆಟ್ಟಿತು" ಎಂಬ ಪಲ್ಲವಿ ತಾನಾಗಿ ಬಂದುಬಿಡುತ್ತದೆ. ಎಲ್ಲರೂ ಕೂಡಿದ್ದರೆಂಬುದು ನಿಜ. ಎಲ್ಲರೂ ಇಷ್ಟಪಟ್ಟು ಕೂಡಿದ್ದರೆಂಬುದು ನಿಜವಲ್ಲ. ತಮಟೆ ಬಡಿಯುವವರಿಗೆ ಬಾರೆನೆನ್ನುವ ಅಧಿಕಾರವಿರಲಿಲ್ಲ. ಯಾರ ಬಡಿತಕ್ಕೆ ಸೋಮ ಏಳುತ್ತಿದ್ದನೋ ಅವರು ಗುಡಿಯ ಅಂಗಳದ ಹೊರಗೆ ನಿಂತು ಬಡಿಯಬೇಕಾಗಿತ್ತು. ಪ್ರಸಾದ ಅವರ ಕೈಗೆ ಮೇಲಿನಿಂದ ಬೀಳುತ್ತಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಮಾತು ಹಳ್ಳಿಗಳನ್ನು ತಲುಪಿದಾಗ ಓದಿದ ಹುಡುಗರು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ನಾನು ಕೆಲಸ ಮಾಡುತ್ತಿದ್ದ ಊರೊಂದರಲ್ಲಿ (ಹೆಸರು ಬೇಡ, ಬಲ್ಲವರು ಬಲ್ಲಿರಿ) 1980ರ ದಶಕದ ಒಂದು ಯುಗಾದಿಯ ಬಳಿಕ ತಮಟೆಯವರ ಕೇರಿಯಿಂದ ಯಾರೂ ಬರಲಿಲ್ಲ. ಊರ ಯಜಮಾನರು ನನ್ನನ್ನು ಮಧ್ಯಸ್ಥಿಕೆಗೆ ಕಳುಹಿಸಿದರು. ಮುಂದಾಳಾಗಿದ್ದ ಹುಡುಗ ನನ್ನ ವಿದ್ಯಾರ್ಥಿಯಲ್ಲವೇ, ಮೇಷ್ಟ್ರ ಮಾತು ಮೀರಲಾರನೆಂದು ಅವರ ಎಣಿಕೆ. ಹುಡುಗ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ, ನೀರು ಕೊಟ್ಟ. ನಾನು ಬಂದ ವಿಷಯ ಹೇಳಿದೆ.

"ಬಡಿಯೋದು ಬ್ಯಾಡ ಅಂತಲ್ಲ ಮೇಷ್ಟ್ರೇ," ಎಂದ ಅವನು. "ಬಡೀಲೇಬೇಕು ಅನ್ನೋದು ಬ್ಯಾಡ."

ಮರುಮಾತು ನನಗೆ ಹೊಳೆಯಲಿಲ್ಲ, ಹುಡುಕಲೂ ಇಲ್ಲ. ಹಿಂದಿರುಗಿ ಬಂದು ಯಜಮಾನರಿಗೆ ಅದೇ ಮಾತನ್ನು ಅದೇ ರೀತಿ ಒಪ್ಪಿಸಿದೆ. ಕೆಲವರು ನನ್ನ ಮೇಲೆ ಮುನಿಸಿಕೊಂಡರು. ಆ ವರ್ಷ ಪಟ್ಟಣದಿಂದ ಬ್ಯಾಂಡ್‌ಸೆಟ್ಟಿನವರನ್ನು ಕರೆಸಿದರು. ಬ್ಯಾಂಡಿನವರು ಸಿನಿಮಾ ಹಾಡು ನುಡಿಸಿದರು. ಸೋಮ ಹೊರುವ ಹಿರಿಯರು ಮೋರೆಯನ್ನು ಎತ್ತಿಕೊಂಡು ಗುಡಿಯಿಂದ ಹೊರಗೆ ಬಂದು ಸ್ವಲ್ಪ ಹೊತ್ತು ನಿಂತರು. ಈ ಬಡಿತಕ್ಕೆ ದೇವರ ಕಾಲು ಏಳುವುದಿಲ್ಲವೆಂದು ಹೇಳಿ ಒಳಗೆ ಹೋದರು. ಮೋರೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಆ ಪೆಟ್ಟಿಗೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಮುಚ್ಚಿಯೇ ಇತ್ತು. ಸುತ್ತಲಿನ ಎಷ್ಟೋ ಊರುಗಳಲ್ಲಿ ನಡೆದದ್ದು ಸ್ಥೂಲವಾಗಿ ಇದೇ. ಜಗಳದ ಕಾರಣಗಳು ಬೇರೆಬೇರೆ, ಪೆಟ್ಟಿಗೆಗಳು ಮುಚ್ಚಿದ್ದು ಒಂದೇ ಬಗೆ.

ಕಲೆಯ ಪಾಲಿಗೆ ಈ ವರ್ಷಗಳು ಪೂರ್ತಿ ಕತ್ತಲೆಯಾಗಿರಲಿಲ್ಲ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ರಾಮನಗರದ ಬಳಿ, ಮೈಸೂರು ರಸ್ತೆಯಲ್ಲಿ, ಹದಿನೈದು ಎಕರೆಯ ಜಾನಪದ ಲೋಕವನ್ನು ತೆರೆದರು. ನಿಮ್ಮಲ್ಲಿ ಅನೇಕರನ್ನು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಕರೆದೊಯ್ದದ್ದು ನೆನಪಿರಬಹುದು. ಊಟದ ಬುತ್ತಿಯನ್ನು ಕೋತಿ ಕಸಿದದ್ದಂತೂ ನೆನಪಿದ್ದೇ ಇರುತ್ತದೆ. ಅಲ್ಲಿಯ ಒಂದು ವಿಭಾಗಕ್ಕೆ ಆಯಗಾರರ ಮಾಳವೆಂದೇ ಹೆಸರು. ಗೊ.ರು. ಚನ್ನಬಸಪ್ಪನವರು ಸಂಪಾದಿಸಿದ 'ಕರ್ನಾಟಕ ಜನಪದ ಕಲೆಗಳು' ಎಂಬ ಗ್ರಂಥದಂತಹ ಕೆಲಸಗಳಿಂದ ಈ ಕಲೆಗಳ ಹೆಸರು ಊರಿನ ಎಲ್ಲೆ ದಾಟಿ ಹೋಯಿತು. ವೇದಿಕೆ ಸಿಕ್ಕಿತು, ಸಂಭಾವನೆ ಸಿಕ್ಕಿತು. ತಮಟೆಯ ಭಾಗ್ಯವೂ ತಿರುಗಿತು: ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಗುಡಿಯ ಹೊರಗೆ ನಿಂತು ಬಡಿಯಬೇಕಾಗಿದ್ದ ವಾದ್ಯಕ್ಕೆ ರಾಷ್ಟ್ರಪತಿ ಭವನದ ಬಾಗಿಲು ತೆರೆದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಚಾಪೆ ಹಾಸಿ ಕೂರಿಸಿದ ಆ ಹುಡುಗನ ನೆನಪಾಯಿತು.

ಆದರೂ ವೇದಿಕೆಯ ಸೋಮನಿಗೂ ಗುಡಿಯ ಸೋಮನಿಗೂ ನಡುವಣ ಅಂತರವನ್ನು ಮುಚ್ಚಿಡಲಾಗದು. ವೇದಿಕೆಯಲ್ಲಿ ಹೆಜ್ಜೆ ಇದೆ, ಬಣ್ಣ ಇದೆ. ಏನನ್ನು ಬೇಡಲು ಬಂದನೆಂಬುದಿಲ್ಲ. ಹತ್ತು ನಿಮಿಷದಲ್ಲಿ ಮುಗಿಸಬೇಕಾದ್ದರಿಂದ ನಿಧಾನವೂ ಹೋಗಿ ಕುಣಿತ ಬಿರುಸಾಗಿದೆ. ಮೋರೆಗಳನ್ನು ಹಗುರಾದ ವಸ್ತುಗಳಲ್ಲಿ ಮಾಡಿಕೊಳ್ಳುವುದನ್ನೂ ಕಂಡಿದ್ದೇನೆ. ಕುಣಿಯುವವನ ಬೆನ್ನಿಗೆ ಅದು ಒಳ್ಳೆಯದೇ, ನಾನು ಆಕ್ಷೇಪಿಸಲಾರೆ.

ಜಪಾನಿನಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ಇಂತಹ ಸೇವೆಗಳ ಚಿತ್ರಗಳನ್ನು ಆಗಾಗ ಕಳುಹಿಸುತ್ತಿರುತ್ತಾಳೆ. ಹಯಾಚಿನೆ ಬೆಟ್ಟದ ತಪ್ಪಲಿನ ಕಗುರ ಎಂಬ ಕುಣಿತದಲ್ಲಿ ಸಿಂಹದ ಮೋರೆಯೊಂದು ಬರುತ್ತದೆ. ಅದು ದೇವರ ವೇಷವಲ್ಲ, ದೇವರೇ ತಾಳಿದ ರೂಪವೆಂದು ಅವರ ನಂಬಿಕೆ. ನಮ್ಮ ಸೋಮನ ವಿಷಯದಲ್ಲಿ ನಮ್ಮವರು ಹೇಳುವ ಮಾತೇ. ಹಿರೋಶಿಮಾ ಪ್ರಾಂತದ ಮಿಬು ಎಂಬ ಊರಿನಲ್ಲಿ ಎತ್ತುಗಳನ್ನು ಶೃಂಗರಿಸಿ ಗದ್ದೆ ಹಸನು ಮಾಡಿ, ಡೋಲು ಕೊಳಲುಗಳ ಜೊತೆಗೆ ಹಾಡುತ್ತ ಹೆಣ್ಣುಮಕ್ಕಳು ಗದ್ದೆಯ ದೇವರಿಗಾಗಿ ನಾಟಿ ಮಾಡುತ್ತಾರೆ. ಮೊದಲನೆಯದು 2009ರಲ್ಲಿ, ಎರಡನೆಯದು 2011ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಇಂತಹವನ್ನು ಕಾಯಲು ಅವರು 1950ರಲ್ಲಿಯೇ ಕಾನೂನು ಮಾಡಿ, 1975ರಲ್ಲಿ ಅದನ್ನು ಜನಪದ ಆಚರಣೆಗಳಿಗೂ ವಿಸ್ತರಿಸಿದರು. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಮಿಬುವಿನ ನಾಟಿ ಈಗ ನಡೆಯುವುದು ಜೂನ್ ತಿಂಗಳ ಮೊದಲ ಭಾನುವಾರ. ಗದ್ದೆಯ ದೇವರಿಗೆ ಭಾನುವಾರದ ರಜೆ ಬೇಕಾಗಿಲ್ಲ; ಪಟ್ಟಣ ಸೇರಿದ ಮಕ್ಕಳಿಗೆ ಬೇಕು. ಅದನ್ನು ಅವರು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ.

ಪೆಟ್ಟಿಗೆ ಮುಚ್ಚಿದ ಊರಿನ ಸುದ್ದಿಗೆ ಮರಳುತ್ತೇನೆ. 2001ರಿಂದ ಮೂರು ವರ್ಷ ರಾಜ್ಯದಲ್ಲಿ ಸತತ ಬರ ಬಿದ್ದದ್ದು ನಿಮಗೆ ನೆನಪಿರಬಹುದು. ಕೆರೆ ಒಣಗಿತು. ಕೊಳವೆಬಾವಿಗಳಲ್ಲಿ ನೀರು ಆಳಕ್ಕಿಳಿಯಿತು. ಹಲವಂತೂ ಬರಿದೇ ಗಾಳಿ ಉಗುಳಿದವು. ಭರಣಿ ಮಳೆಯ ಹಂಗಿಲ್ಲವೆಂದುಕೊಂಡಿದ್ದವರಿಗೂ ಆಕಾಶ ನೋಡುವ ಕಾಲ ಬಂದಿತು. 2003ರ ಯುಗಾದಿಯ ಬಳಿಕ ಊರಿನವರು ಸಭೆ ಸೇರಿ ಸೋಮನನ್ನು ಎಬ್ಬಿಸಬೇಕೆಂದು ತೀರ್ಮಾನಿಸಿದರು. ಸೋಮ ಹೊರ
ುವ ಹಿರಿಯರು ಒಂದು ಷರತ್ತು ಹಾಕಿದರು: ಊರ ತಮಟೆಯೇ ಆಗಬೇಕು, ಕರೆಯಲು ಯಜಮಾನರೇ ಹೋಗಬೇಕು. ಈ ಬಾರಿ ಮಧ್ಯಸ್ಥಿಕೆಗೆ ಮೇಷ್ಟ್ರು ಬೇಕಾಗಲಿಲ್ಲ. ಯಜಮಾನರು ವೀಳ್ಯ ಹಿಡಿದು ಕೇರಿಗೆ ಹೋದರು. ಉಳಿದ ಮೇಳದವರಿಗೆ ಕೊಡುವಷ್ಟೇ ಸಂಭಾವನೆ, ಗುಡಿಯ ಅಂಗಳದೊಳಗೆ ನಿಲ್ಲುವುದು, ಪ್ರಸಾದ ಎಲ್ಲರಂತೆ ತಟ್ಟೆಯಲ್ಲಿ, ಎಂದು ಮಾತಾಯಿತು. ಇಬ್ಬರು ಮೂವರು ಯಜಮಾನರು ಅಂದು ಹಬ್ಬಕ್ಕೆ ಬರಲಿಲ್ಲ. ತಮಟೆಯ ಮೇಳದಲ್ಲಿ ಮುಂದೆ ನಿಂತಿದ್ದವನು, ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದ ನನ್ನ ಆ ವಿದ್ಯಾರ್ಥಿ. ಹದಿನೈದು ವರ್ಷ ಬಿಟ್ಟಿದ್ದ ಬಡಿತವನ್ನು ಅವನ ತಂದೆ ಪಕ್ಕದಲ್ಲಿ ಕುಳಿತು ಬೆರಳಿನಿಂದ ನೆಲ ತಟ್ಟಿ ತೋರಿಸಿಕೊಡುತ್ತಿದ್ದರು.

ಮಳೆ ಬಂದಿತೇ ಎಂದು ಕೇಳುವಿರಿ. ಬರಲಿಲ್ಲ. ಆ ವರ್ಷವೂ ಬರವೇ. ದೇವಿಯನ್ನು ಯಾರೂ ದೂರಿದ್ದನ್ನು ನಾನು ಕೇಳಲಿಲ್ಲ. "ಇಷ್ಟು ದಿನ ಮರೆತಿದ್ವಲ್ಲ, ಒಂದೇ ಸಲಕ್ಕೆ ಕೊಡ್ತಾಳಾ" ಎಂದು ಮುದುಕಿಯೊಬ್ಬಳು ಅಂದದ್ದುಂಟು. ಮುಂದಿನ ವರ್ಷವೂ ಸೋಮನನ್ನು ಎಬ್ಬಿಸಿದರು. ಅಂದಿನಿಂದ ಒಂದು ವರ್ಷ ನಡೆದರೆ ಒಂದು ವರ್ಷ ಬಿಡುತ್ತ, ಚುನಾವಣೆಯ ವರ್ಷ ಎರಡು ಗುಂಪಾಗಿ ನಿಲ್ಲಿಸುತ್ತ, ಹೇಗೋ ಸಾಗಿದೆ. ಕೊರೊನಾದ ಎರಡು ವರ್ಷ ನಿಂತಿತ್ತು. ಸೋಮ ಹೊರುತ್ತಿದ್ದ ಹಿರಿಯರು ಈಗಿಲ್ಲ. ಅವರ ಮೊಮ್ಮಗ ಬೆಂಗಳೂರಿನಲ್ಲಿ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಹಬ್ಬಕ್ಕೆ ಎರಡು ದಿನ ಮುಂಚೆ ಬಂದು, ಗುಡಿಯಲ್ಲಿಯೇ ಮಲಗಿ, ಒಪ್ಪತ್ತು ಉಂಡು ಮೋರೆ ಹೊರುತ್ತಾನೆ. ಅಜ್ಜನ ನಿಧಾನ ಅವನಿಗಿನ್ನೂ ಒದಗಿಲ್ಲ. ಮೂವತ್ತು ದಾಟಲಿ, ಬಂದೀತು.

ಮಂಗಳವಾರವೇ ಆಗಬೇಕಾಗಿದ್ದ ಈ ಹಬ್ಬವನ್ನು ಭಾನುವಾರಕ್ಕೆ ತರಬಹುದೇ ಎಂಬ ಚರ್ಚೆ ಕಳೆದ ವರ್ಷ ಗುಡಿಯ ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ನಡೆಯಿತು. ವಾರ ಬದಲಿಸಿದರೆ ದೇವಿ ಮುನಿಯುವಳೆಂದು ಹಿರಿಯರು. ಮಂಗಳವಾರವಾದರೆ ನಾವು ಬರಲಾರೆವೆಂದು ಬಿಡದಿ ಬೆಂಗಳೂರುಗಳಿಂದ ಬಂದಿದ್ದ ಹುಡುಗರು. ನಾನು ಮಿಬುವಿನ ವಿಷಯ ಹೇಳಿದೆ. ಜಪಾನಿನವರ ದೇವರು ಬೇರೆ, ನಮ್ಮ ದೇವರು ಬೇರೆಯೆಂದು ಒಬ್ಬರು ನನ್ನನ್ನು ಸುಮ್ಮನಾಗಿಸಿದರು. ಕೊನೆಗೆ ದೇವಿಯ ಮುಂದೆ ಹೂವಿಟ್ಟು ಕೇಳಿದರು, ಬಲಗಡೆ ಬಿತ್ತು. ಆದಕಾರಣ ಮುಂದಿನ ಹಬ್ಬ ಭರಣಿ ಮಳೆ ಹುಟ್ಟಿದ ಮೇಲಿನ ಮೊದಲ ಭಾನುವಾರ. ಬರುವವರು ಸಂಜೆ ನಾಲ್ಕರೊಳಗೆ ಗುಡಿಯ ಬಳಿ ಇರಬೇಕು. ಕಾರುಗಳನ್ನು ಕೆರೆ ಏರಿಯ ಮೇಲೆ ನಿಲ್ಲಿಸಬಾರದು. ಮಡಿವಾಳರು ನಡೆಮಡಿ ಹಾಸಿದಾಗ ಚಿತ್ರ ತೆಗೆಯುವ ಭರದಲ್ಲಿ ಅದರ ಮೇಲೆ ಯಾರೂ ಚಪ್ಪಲಿಗಾಲಿನಲ್ಲಿ ನಿಲ್ಲಬೇಡಿ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಎಷ್ಟು ಜನ ಬರುವಿರೆಂದು ಒಂದು ವಾರ ಮುಂಚೆ ನನಗೆ ತಿಳಿಸಿದರೆ ಗುಡಿಯವರಿಗೆ ಹೇಳಿರುತ್ತೇನೆ.